ಊತಕ್ಕೆ ಸಾಕ್ಷಿಯಿಲ್ಲ

ಜೂನ್ 3

ಮಹಾಮಹಿಮಳಾದ ಅಕ್ಕನಿಗೆ ತಮ್ಮನ ಸಾಷ್ಟಾಂಗ ನಮಸ್ಕಾರಗಳು. ಎಂಟು ಅಂಗಗಳಲ್ಲಿ ಒಂದು ಸದ್ಯ ರಜೆಯ ಮೇಲಿರುವುದರಿಂದ ಏಳಕ್ಕೇ ತೃಪ್ತಿಪಡಬೇಕು.

ಕಾಲು ಮುರಿದಿದೆ. ಎಡಗಾಲು, ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ. ಹೇಗೆ ಅಂತ ನೀನು ಕೇಳುವವಳಲ್ಲ, ಆದರೂ ಹೇಳುತ್ತೇನೆ. ಪತ್ರಿಕೆಯಲ್ಲಿ ನನ್ನ ನಗೆ ಅಂಕಣ ಓದಿ ನಿವೃತ್ತರ ಸಂಘದವರು ಭಾಷಣಕ್ಕೆ ಕರೆದಿದ್ದರು. ವಿಷಯ: 'ಬೀಳದೆ ಬಾಳುವುದು ಹೇಗೆ'. ಒಂದು ಗಂಟೆ ಬಾಳಿ ತೋರಿಸಿದೆ. ಕೊನೆಗೆ ಚಪ್ಪಾಳೆಗೆ ಬಾಗಿ, ವಿನಯದಿಂದ ಎರಡು ಹೆಜ್ಜೆ ಹಿಂದಿಟ್ಟೆ. ವೇದಿಕೆ ಒಂದೇ ಹೆಜ್ಜೆಗೆ ಮುಗಿದಿತ್ತು. ಕೆಳಗಿನಿಂದ ನಾನು ಕಿರುಚಿದ್ದಕ್ಕೆ ಇನ್ನೂ ಜೋರು ಚಪ್ಪಾಳೆ. ಮುಂದಿನ ಸಾಲಿನ ಒಬ್ಬ ಅಜ್ಜ "ಒನ್ಸ್ ಮೋರ್" ಅಂದರು.

ಪ್ಲಾಸ್ಟರಿನೊಳಗೆ ಕಾಲು ಊದಿಕೊಂಡು ಗೂಡಿನಿಂದ ತೆಗೆದ ಇಟ್ಟಿಗೆಯಂತಾಗಿದೆ. ಡಾಕ್ಟರು ಕೊಟ್ಟ ಗುಳಿಗೆ ಬಹಳ ಸಾಧು, ಯಾರನ್ನೂ ನೋಯಿಸುವುದಿಲ್ಲ, ನೋವನ್ನೂ ಸಹ. ಹೋದ ವರ್ಷ ಹಲ್ಲು ಕೀಳಿಸಿಕೊಂಡಾಗ ಕೊಟ್ಟ ಊತ ಇಳಿಸುವ ಗುಳಿಗೆ ಒಂದು ಡಬ್ಬಿ ಮಿಕ್ಕಿದೆ. ನುಂಗಲೇ? ನೀನು ಮೂಳೆಯವಳು. ಪೊಲೀಸರು ಅಗೆದು ತಂದ ಅಸ್ಥಿಪಂಜರಗಳನ್ನು ಜೋಡಿಸುವವಳಾದರೂ ಮೂಳೆ ಮೂಳೆಯೇ ತಾನೆ. ನಿನ್ನ ಗಿರಾಕಿಗಳಲ್ಲಿ ಇದುವರೆಗೆ ಯಾರೂ ದೂರು ಕೊಟ್ಟಿಲ್ಲ ಅನ್ನುವುದೇ ನನಗೆ ಧೈರ್ಯ.

ಫೋನು ಮಾಡಬಹುದಿತ್ತು. ಆದರೆ ಅಮ್ಮ ಪ್ರತಿ ಕರೆಯನ್ನೂ ಸ್ಪೀಕರಿಗೆ ಹಾಕಿ ಮಧ್ಯೆ ತೀರ್ಪು ಕೊಡುತ್ತಾಳೆ. ಹಾಗಾಗಿ ಕಾಗದವೇ ಕ್ಷೇಮ.

ನಿನ್ನ ಮುರುಕು ತಮ್ಮ


ಜೂನ್ 11

ತಮ್ಮಾ,

ಡಾಕ್ಟರನ್ನು ಕೇಳದೆ ಆ ಗುಳಿಗೆ ನುಂಗಬೇಡ. ಬೆರಳು ಮರಗಟ್ಟಿದರೆ, ಬಣ್ಣ ತಿರುಗಿದರೆ, ನನಗೆ ಪತ್ರ ಬರೆಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗು.

ಊತ ನಿನ್ನ ಶತ್ರುವಲ್ಲ. ಮೂಳೆ ಮುರಿದ ಕಡೆ ರಕ್ತ ಕಟ್ಟುತ್ತೆ. ಅದರ ಸುದ್ದಿ ಮೈಗೆಲ್ಲ ಮುಟ್ಟಿ, ಸತ್ತ ಚೂರುಗಳನ್ನು ತೆಗೆದುಹಾಕುವ ಕಣಗಳು ಅಲ್ಲಿಗೆ ನುಗ್ಗುತ್ತವೆ. ಬಿಸಿ, ಕೆಂಪು, ನೋವು ಎಲ್ಲ ಅವುಗಳ ಗಲಾಟೆ. ಉರಿಯೂತ ಅನ್ನುವುದು ಅದನ್ನೇ. ಹೊಸ ಮೂಳೆ ಕಟ್ಟುವವರನ್ನು ಕರೆಯುವುದೂ ಅವೇ. ಅವು ಬರಲೇಬೇಕು. ಬಂದ ಕೆಲಸ ಮುಗಿಸಿ ಹೋಗಲೂ ಬೇಕು, ತಿಂಗಳುಗಟ್ಟಲೆ ತಳವೂರಿದರೆ ಅದೂ ಕೇಡು. ಆಮೇಲೆ ಮುರಿದ ತುದಿಗಳ ನಡುವೆ ಮೆತ್ತಗಿನ ಗಂಟು, ಆಮೇಲೆ ಗಟ್ಟಿ ಗಂಟು. ವರ್ಷಗಳು ಹೋದ ಮೇಲೆ ಅದನ್ನೂ ಮೈ ತೀಡಿ ನಯ ಮಾಡುತ್ತೆ.

ಒಂದು ಕೇಳಬೇಕು. ನೋವು ಹೇಗಿರುತ್ತೆ ಅಂತ ಬರೆ. ಮೊದಲ ವಾರ ಹೇಗಿತ್ತು, ಈಗ ಹೇಗಿದೆ. ನಿದ್ದೆ ಬಂತಾ? ಕೆಮ್ಮಿದರೆ ಏನಾಗುತ್ತೆ? ಜ್ವರ ಬಂತಾ? ತಮಾಷೆ ಮಾಡದೆ ಬರೆ.

ಅಕ್ಕ


ಜೂನ್ 19

ಅಕ್ಕಾ,

ಪತ್ರ ಓದಿ ಮೊದಲು ಲಕೋಟೆ ತಿರುಗಿಸಿ ನೋಡಿದೆ, ಬೇರೆ ಯಾರೋ ಅಕ್ಕ ತಪ್ಪು ವಿಳಾಸಕ್ಕೆ ಹಾಕಿರಬೇಕು ಅಂತ. ಹುಟ್ಟಿದಾಗಿನಿಂದ ಉಂಡೆಯಾ ಅಂತ ಕೇಳದವಳು ಕೆಮ್ಮಿನ ಕ್ಷೇಮಸಮಾಚಾರ ವಿಚಾರಿಸುತ್ತಿದ್ದೀಯ. ವಯಸ್ಸಾಯಿತು ನಿನಗೆ.

ನಿನ್ನ ಉರಿಯೂತ ನನಗೆ ಅರ್ಥವಾಯಿತು. ಅದು ನಮ್ಮ ನೆಂಟರ ಹಾಗೆ. ಮನೆಯಲ್ಲಿ ಏನೋ ಆಗಿದೆ ಅಂತ ಗೊತ್ತಾದ ಕೂಡಲೇ ಕರೆಯದೆ ಬರುತ್ತಾರೆ. ಜಾಗ ಸಾಲುವುದಿಲ್ಲ, ಸೆಕೆ, ಕಿರುಚಾಟ. ಆದರೆ ಪಾತ್ರೆ ತೊಳೆಯುವವರೂ ಅವರೇ, ಹೆಣ ಎತ್ತುವವರೂ ಅವರೇ. ಸರಿಯೇ?

ತಮಾಷೆ ಬಿಟ್ಟು: ಮೊದಲ ವಾರ ನರಕ. ಉಸಿರನ್ನು ಜೋರಾಗಿ ಎಳೆದರೂ ಕಾಲಿಗೆ ಗೊತ್ತಾಗುತ್ತಿತ್ತು. ಕೆಮ್ಮು ಬಂದರೆ ಹಾಸಿಗೆ ಕಚ್ಚುತ್ತಿದ್ದೆ. ಸಣ್ಣ ಜ್ವರವೂ ಇತ್ತು. ಈಗ ನೋವು ಒಳಗೆಲ್ಲೋ ಗೊಣಗುತ್ತೆ, ಅಷ್ಟೆ.

ಗುಳಿಗೆಯ ಚಿಂತೆ ಬಿಡು. ಆ ಡಬ್ಬಿಯನ್ನು ಅಮ್ಮ ಕಸದ ಬುಟ್ಟಿಗೆ ಎಸೆದಳು. "ನನಗೂ ಹೀಗೇ ಕೊಟ್ಟು ಮಲಗಿಸಿದ್ರು ಕಣೋ, ಏಳೋ ಹೊತ್ತಿಗೆ ಎಲ್ಲಾ ಮುಗ್ದಿತ್ತು" ಅಂದಳು. ಅಪ್ಪ ಒಳಗಿದ್ದ ಸುರಂಗ ಕುಸಿದ ಮೇಲೆ, ಗುಡ್ಡದಿಂದ ಬರುವ ನೀರಿನ ಪೈಪಿನಲ್ಲಿ ಅವರು ಟೊಕ್ ಟೊಕ್ ಬಡೀತಾರೆ ಅಂತ ಹೇಳುತ್ತಿದ್ದಳಲ್ಲ, ಆಗ ಡಾಕ್ಟರು ಕೊಟ್ಟ ನಿದ್ದೆ ಗುಳಿಗೆಯ ಮಾತು. ನಾನು ಆಗ ಶಾಲೆ, ನೀನು ಹಾಸ್ಟೆಲು. ನನಗೆ ನೆನಪಿರುವುದು ಅವಳು ಬಚ್ಚಲಿನಲ್ಲಿ ಪೈಪಿಗೆ ಕಿವಿ ಇಟ್ಟು ಕೂತಿದ್ದು, ಮತ್ತೆ ಎಂಜಿನಿಯರು ಬಂದು "ಒಂದೇ ಕ್ಷಣ ಅಮ್ಮಾ, ಅವರಿಗೆ ಗೊತ್ತೇ ಆಗಿರಲ್ಲ" ಅಂದದ್ದು. ಆ 'ಒಂದೇ ಕ್ಷಣ'ವನ್ನು ಅಮ್ಮ ಇವತ್ತಿಗೂ ಹೊದ್ದುಕೊಂಡು ಮಲಗುತ್ತಾಳೆ. ನನ್ನ ಕಾಲು ನೋಡಿ ಮೊನ್ನೆ ಅಂದಳು: "ಪಾಪ, ನಿಮ್ಮಪ್ಪನಿಗೆ ಇಷ್ಟೂ ನೋವಾಗಲಿಲ್ಲ."

ಹಾಸಿಗೆಯಲ್ಲಿ ಬಿದ್ದು ಬಿದ್ದು ಒಂದು ಅಂಕಣ ಹೊಳೆದಿದೆ: ಅಪ್ಪ ಮತ್ತು ಬಕಲ್ ಮಾಮ. ಮಾಮ ಹಗ್ಗ ಜಗ್ಗಾಟದಲ್ಲಿ ಗೆದ್ದ ಬೆಲ್ಟಿನ ಹಿತ್ತಾಳೆ ಬಕಲನ್ನು ಹೊಟ್ಟೆಯ ಮೇಲೆ ತಟ್ಟೆಯ ಹಾಗೆ ಹೊತ್ತು ತಿರುಗುತ್ತಿದ್ದರಲ್ಲ. ಒಂದೇ ಪಾಳಿ, ಒಂದೇ ಕೊರೆಯುವ ಯಂತ್ರ, ಅಕ್ಕಪಕ್ಕದ ಮನೆ, ಕೊನೆಗೆ ಒಂದೇ ಕುಸಿತ. "ನಿನ್ನ ಹಾಡಿಗೆ ಬಂಡೆ ಸಡಿಲ ಆಗುತ್ತೆ" ಅಂತ ಅವರು ಅಂದ ಒಂದು ಮಾತಿಗೆ ಅಪ್ಪ ಮಾತು ಬಿಟ್ಟದ್ದು, ಬಿಟ್ಟ ಮೇಲೆ ಇನ್ನೂ ಜೋರಾಗಿ ಹಾಡಿದ್ದು! ಕೆಲಸದ ಮಾತೇನಿದ್ದರೂ ಮೂರನೆಯವನ ಮೂಲಕ. ಮೂರನೆಯವನಿಲ್ಲದಿದ್ದರೆ ಅಪ್ಪ ತನ್ನ ಅರ್ಧ ಕಿರುಬೆರಳನ್ನು ಎತ್ತಿ, ಹಣೆಯ ದೀಪಕ್ಕೆ ಹೇಳುವುದು: "ದೀಪವೇ, ಆ ಮಹಾರಾಯನಿಗೆ ಸರಳು ಹಿಡಿಯೋಕೆ ಹೇಳು." ಆ ಜಗಳಕ್ಕೆ ನಿಷ್ಠೆಯಿಂದ ಅಮ್ಮ ಮತ್ತು ಬಕಲ್ ಅತ್ತೆ ಇವತ್ತಿಗೂ ಗೋಡೆಯ ಆಚೀಚೆ ಇದ್ದುಕೊಂಡು ಮಾತಾಡುವುದಿಲ್ಲ. ಓದುಗರು ಬಿದ್ದು ಬಿದ್ದು ನಗುತ್ತಾರೆ. ಬೀಳಬಾರದು ಅಂತ ಟಿಪ್ಪಣಿ ಹಾಕುತ್ತೇನೆ.

ಮು. ತ.


ಜೂನ್ 27

ತಮ್ಮಾ,

ಆ ಅಂಕಣ ಈಗ ಬೇಡ. ಯಾಕೆ ಅಂತ ಕೇಳಬೇಡ.

ಪ್ಲಾಸ್ಟರು ಇಲ್ಲದಿದ್ದರೆ, ಬರೀ ನೆಲದ ಮೇಲೆ ಮಲಗಿದ್ದರೆ, ಆ ಮೊದಲ ವಾರ ನೀನಾಗಿಯೇ ಮಗ್ಗುಲು ಬದಲಿಸಲು ಆಗುತ್ತಿತ್ತಾ? ನೀರಿಗಾಗಿ ಕೈ ಚಾಚಲು? ಇನ್ನೊಬ್ಬರು ಬೇಕೇ ಬೇಕಿತ್ತಾ?

ಬಕಲ್ ಮಾಮನ ಬಕಲಿನ ಮೇಲೆ ಏನು ಚಿತ್ರ ಇತ್ತು? ನನಗೆ ಸರಿಯಾಗಿ ನೆನಪಿಲ್ಲ. ನಿನಗೆ ನೆನಪಿದ್ದರೆ ಬರೆ, ಇಲ್ಲದಿದ್ದರೆ ಊಹಿಸಬೇಡ.

ಆ ಪೈಪು ಇನ್ನೂ ಇದೆಯಾ?

ಅಕ್ಕ


ಜುಲೈ 5

ಅಕ್ಕಾ,

ಪತ್ರವೋ ಪೊಲೀಸ್ ವಿಚಾರಣೆಯೋ? ಸರಿ, ಆರೋಪಿಯ ಹೇಳಿಕೆ.

ಮಗ್ಗುಲು: ಆಗುತ್ತಿರಲಿಲ್ಲ. ಪ್ಲಾಸ್ಟರಿದ್ದೂ ಅಮ್ಮ ಸೊಂಟ ಹಿಡಿದು ಹೊರಳಿಸಬೇಕಿತ್ತು. ನಲವತ್ತು ದಾಟಿದ ಗಂಡಸು ಬಚ್ಚಲಿಗೆ ಹೋಗಲು ತಾಯಿಯ ಹೆಗಲಿಗೆ ಜೋತು ಬೀಳುವುದರಲ್ಲಿ ಎಷ್ಟು ಹಾಸ್ಯವಿದೆ ಅಂತ ಆಮೇಲೆ ಗೊತ್ತಾಗುತ್ತೆ, ಆಗ ಅಲ್ಲ. ಒಬ್ಬನೇ ಇದ್ದಿದ್ದರೆ ಬಿದ್ದಲ್ಲೇ ಒಣಗುತ್ತಿದ್ದೆ.

ಬಕಲ್: ಹಗ್ಗ ಹಿಡಿದ ಎರಡು ಮುಷ್ಟಿ. ಒಂದರ ಹೆಬ್ಬೆರಳು ಸವೆದಿತ್ತು. ಅದು ಖಂಡಿತ ಗೊತ್ತು, ಯಾಕೆಂದರೆ ನಾನು ಅವರ ತೊಡೆಯ ಮೇಲೆ ಕೂತು ಅದನ್ನೇ ಉಜ್ಜುತ್ತಿದ್ದೆ. ಜಗಳಕ್ಕೆ ಮುಂಚಿನ ಮಾತು.

ಪೈಪು: ಇದೆ. ಗುಡ್ಡದ ನೀರು ನಿಂತು ಯಾವುದೋ ಕಾಲವಾಯಿತು. ನಮ್ಮ ಬಚ್ಚಲು ದಾಟಿ ಬಕಲ್ ಅತ್ತೆಯ ಅಡುಗೆಮನೆಗೆ ಹೋಗುತ್ತೆ, ಆ ಸಾಲಿನಲ್ಲಿ ಅದನ್ನು ಹಂಚಿಕೊಂಡದ್ದು ನಮ್ಮೆರಡೇ ಮನೆ. ತೆಗೆಸೋಣ ಅಂದರೆ ಅಮ್ಮ ಟವೆಲು ಒಣಹಾಕಲು ಬೇಕು ಅನ್ನುತ್ತಾಳೆ. ಟವೆಲು ಒಣಹಾಕುವುದು ಹಿತ್ತಲಲ್ಲಿ.

ಈಗ ನನ್ನ ಸರದಿ. ನನಗೆ ಎಲ್ಲ ಹೊಳೆದಿದೆ. ನೆಲದ ಮೇಲೆ ಮಲಗುವುದು, ನೀರು, ಇನ್ನೊಬ್ಬರು ಬೇಕಾ ಅನ್ನುವುದು. ನೀನು ಬಿದ್ದಿದ್ದೀಯ. ನಿನ್ನ ಕಾಲೂ ಮುರಿದಿದೆ, ಒಬ್ಬಳೇ ಆ ಮನೆಯಲ್ಲಿ ಬಿದ್ದುಕೊಂಡು ನನ್ನಿಂದ ಪುಕ್ಕಟೆ ಪಾಠ ಕಲಿಯುತ್ತಿದ್ದೀಯ. ಒಪ್ಪಿಕೋ. ಅಮ್ಮನಿಗೆ ಹೇಳುವುದಿಲ್ಲ. ಬೇಕಿದ್ದರೆ ಊರುಗೋಲು ಊರಿಕೊಂಡು ಬಂದುಬಿಡುತ್ತೇನೆ, ಇಬ್ಬರಿಗೂ ಸೇರಿ ಒಂದು ಜೊತೆ ಕಾಲಾದರೂ ಆಗುತ್ತೆ.

ತಮ್ಮ


ಜುಲೈ 24

ತಮ್ಮಾ,

ನನ್ನ ಕಾಲು ಚೆನ್ನಾಗಿದೆ. ನೀನು ಬರುತ್ತೇನೆ ಅಂದದ್ದನ್ನು ಓದಿ ಉತ್ತರ ಬರೆಯಲಾಗದೆ ಇಷ್ಟು ದಿನ ಕೂತೆ. ಇದನ್ನು ಅಮ್ಮ ಪಕ್ಕದಲ್ಲಿಲ್ಲದಾಗ ಓದು.

ನೀನು ಬೀಳುವ ಸ್ವಲ್ಪ ಮುಂಚೆ, ಗುಡ್ಡದ ಆಚೆ ಬದಿಯಲ್ಲಿ ಹೊಸ ರಸ್ತೆ ಅಗೆಯುವವರ ಯಂತ್ರ ಹಳೇ ಸುರಂಗದ ಒಂದು ಮೂಲೆಯನ್ನು ಒಡೆಯಿತು. ಗುರುತು ಸಿಗುವವರೆಗೆ ಹೊರಗೆ ಹೇಳಬಾರದು ಅಂತ ಆದೇಶವಾಯಿತು. ನನ್ನ ಮೇಜಿಗೆ ಎರಡು ಪೆಟ್ಟಿಗೆ ಬಂದವು. ಮೇಲೆ ನಂಬರು ಮಾತ್ರ ಇತ್ತು. ಮೊದಲ ಪೆಟ್ಟಿಗೆಯ ಎಡಗೈಯನ್ನು ಜೋಡಿಸುತ್ತಿದ್ದೆ. ಕಿರುಬೆರಳಿನ ತುದಿಯ ಮೂಳೆ ಸಿಗಲಿಲ್ಲ. ಮಣ್ಣನ್ನು ಮತ್ತೆ ಜರಡಿ ಹಿಡಿದೆ. ಆಮೇಲೆ ಹುಡುಕುವುದನ್ನು ನಿಲ್ಲಿಸಿದೆ.

ಮರುದಿನ ನಿನ್ನ ಮೊದಲ ಪತ್ರ ಬಂತು.

ಅಪ್ಪನ ಎಡಗಾಲಿನ ದೊಡ್ಡ ಮೂಳೆ ಮುರಿದಿದೆ, ನಿನ್ನದು ಮುರಿದ ಕಡೆಯೇ ಹೆಚ್ಚುಕಮ್ಮಿ. ಸಾಯುವಾಗ ಮುರಿದ ಮೂಳೆಯ ಅಂಚು ಚೂಪಾಗಿರುತ್ತೆ. ಸಾಯುವ ಎರಡು ಮೂರು ದಿನ ಮುಂಚೆ ಮುರಿದರೂ ಹಾಗೇ ಕಾಣುತ್ತೆ, ಯಾಕೆಂದರೆ ಊತಕ್ಕೆ ಮೂಳೆಯಲ್ಲಿ ಗುರುತಿಲ್ಲ. ಮಾಂಸ ಹೋದರೆ ಅದೂ ಹೋಯಿತು. ಆದರೆ ಇದರ ಅಂಚು ಚೂಪಾಗಿಲ್ಲ, ಸವೆದು ದುಂಡಗಾಗಿದೆ. ಸುತ್ತ ಹೊಸ ಮೂಳೆಯ ಒರಟು ಪದರ ಇದೆ, ಎರಡು ತುದಿಗಳ ನಡುವೆ ಸೇತುವೆಯೂ ಶುರುವಾಗಿದೆ. ಅದಕ್ಕೆ ವಾರಗಳು ಬೇಕು. ಹಸಿದ ಮೈಯಲ್ಲಿ ಇನ್ನೂ ನಿಧಾನ. ಆ ಮೂಲೆ ಒಂದು ಉಗ್ರಾಣವಾಗಿತ್ತು, ಬಿಸ್ಕತ್ತಿನ ಖಾಲಿ ಡಬ್ಬಗಳು ಸಿಕ್ಕಿವೆ. ನೀರಿನ ಪೈಪು ಅದರ ಗೋಡೆಯ ಮೇಲೇ ಹಾದುಹೋಗಿದೆ.

ಒಂದೇ ಕ್ಷಣ ಅಲ್ಲ.

ಮೂಳೆ ನನಗೆ ಎಷ್ಟು ಕಾಲ ಅಂತ ಹೇಳುತ್ತೆ, ಹೇಗಿತ್ತು ಅಂತ ಹೇಳುವುದಿಲ್ಲ. ಅದಕ್ಕೇ ನಿನ್ನನ್ನು ಕೇಳಿದೆ. ನಿನ್ನ ಪತ್ರಗಳನ್ನು ಮೇಜಿನ ಮೇಲೆ ಅಪ್ಪನ ಪಕ್ಕ ಇಟ್ಟುಕೊಂಡು ಓದಿದ್ದೇನೆ. ಹಾಸಿಗೆ ಕಚ್ಚಿದೆ ಅಂತ ನೀನು ಬರೆದಿದ್ದೆ. ಅವರ ಹತ್ತಿರ ಹಾಸಿಗೆ ಇರಲಿಲ್ಲ.

ಇನ್ನೊಂದಿದೆ. ಆ ಮೂಳೆ ನೆಟ್ಟಗೆ ಕೂಡುತ್ತಿತ್ತು. ಹಿಡಿದು ಕಟ್ಟದಿದ್ದರೆ ತುದಿಗಳು ಒಂದರ ಮೇಲೊಂದು ಏರುತ್ತವೆ. ಇದರ ಎರಡೂ ಕಡೆ ಕೊರೆಯುವ ಯಂತ್ರದ ಸರಳನ್ನು ದಬ್ಬೆಯ ಹಾಗೆ ಇಟ್ಟು, ಮೇಲೆ ತಂತಿ, ಮಂಡಿಯ ಹತ್ತಿರ ಬೆಲ್ಟು ಬಿಗಿದಿದ್ದಾರೆ. ಬಕಲಿನ ಮೇಲೆ ಹಗ್ಗ ಹಿಡಿದ ಎರಡು ಮುಷ್ಟಿ. ಒಂದು ಹೆಬ್ಬೆರಳು ಸವೆದಿದೆ.

ಪೆಟ್ಟಿಗೆಗಳನ್ನು ಸಹೋದ್ಯೋಗಿಗೆ ಒಪ್ಪಿಸಿದ್ದೇನೆ. ಮಗಳು ಅಪ್ಪನ ವರದಿ ಬರೆಯುವಂತಿಲ್ಲ. ನನ್ನ ಎಂಜಲು ತೆಗೆದುಕೊಂಡು ಹೋಲಿಸಿದರು. ಅನುಮಾನವಿಲ್ಲ.

ಅಕ್ಕ


ಜುಲೈ 31

ಅಕ್ಕಾ,

ಮೂರು ಕಾಗದ ಹರಿದೆ. ಪ್ರತಿಯೊಂದೂ ತಮಾಷೆಯಿಂದಲೇ ಶುರುವಾಗುತ್ತಿತ್ತು. ಕೈಗೆ ಬೇರೆ ದಾರಿ ಗೊತ್ತಿಲ್ಲ.

ಅಮ್ಮನಿಗೆ ಹೇಳುವುದು ಬೇಡ. ಆ ಎಂಜಿನಿಯರು ಕೊಟ್ಟ ಎರಡು ಪದಗಳ ಮೇಲೆ ಅವಳು ಇಷ್ಟು ವರ್ಷ ನಿಂತಿದ್ದಾಳೆ. ಅದನ್ನು ಎಳೆದರೆ ಅವಳು ಎಲ್ಲಿ ಬೀಳುತ್ತಾಳೆ ಅಂತ ಯೋಚಿಸಿದೆಯಾ? ಅವಳಿಗೆ ಕೇಳಿಸಿದ್ದು ನಿಜ ಅಂತ ಗೊತ್ತಾದರೆ? ನಾವೆಲ್ಲ ಸೇರಿ ಅವಳಿಗೆ ಗುಳಿಗೆ ಕೊಟ್ಟು ಮಲಗಿಸಿದಾಗ ಅಪ್ಪ ಬಡಿಯುತ್ತಲೇ ಇದ್ದರು ಅಂತ ಗೊತ್ತಾದರೆ?

ವರದಿಯಲ್ಲಿ ಗುರುತು ಬರೆಯಲಿ. ವಾರಗಳ ಆ ಒಂದು ಸಾಲನ್ನು ಬಿಡಲು ಆಗುವುದಿಲ್ಲವಾ? ಬೇಡಿಕೊಳ್ಳುತ್ತೇನೆ.

ನಿನ್ನೆ ಬಚ್ಚಲಿಗೆ ಹೋದವನು ಪೈಪನ್ನು ಮುಟ್ಟಿದೆ. ತಣ್ಣಗಿತ್ತು. ಅಷ್ಟೆ. ಆದರೂ ಮುಖ ತೊಳೆಯದೆ ಬಂದೆ.

ತಮ್ಮ


ಆಗಸ್ಟ್ 8

ತಮ್ಮಾ,

ಆಗುವುದಿಲ್ಲ. ಸಾಲು ಬಿಡುವ ಹಕ್ಕು ನನಗಿಲ್ಲ, ಇದ್ದಿದ್ದರೂ ಬಿಡುತ್ತಿರಲಿಲ್ಲ. ಅವರಿಬ್ಬರೂ ಆ ವಾರಗಳನ್ನು ಬದುಕಿದ್ದಾರೆ. ನಾವು ಅದನ್ನು ಅಳಿಸಿದರೆ ಬಕಲ್ ಮಾಮ ಕಟ್ಟಿದ ಕಟ್ಟನ್ನೂ ಅಳಿಸಿದ ಹಾಗೆ.

ವರದಿ ಈ ತಿಂಗಳ ಕೊನೆಯಲ್ಲಿ ಎರಡೂ ಮನೆಗೆ ಒಂದೇ ದಿನ ಬರುತ್ತೆ. ಗೋಡೆಯ ಆಚೆ ಬಕಲ್ ಅತ್ತೆ, ಈಚೆ ಅಮ್ಮ. ಒಬ್ಬೊಬ್ಬರೇ ಕೂತು ಓದುತ್ತಾರೆ. ಅದಕ್ಕಿಂತ ಮುಂಚೆ ಯಾರಾದರೂ ಬಾಯಿಂದ ಹೇಳಬೇಕು. ನಾನು ಹೊರಡಲು ಇಲ್ಲಿ ಕಾಗದಪತ್ರ ಮುಗಿಯಬೇಕು. ನೀನು ಹೇಳು. ನೆಟ್ಟಗಿತ್ತು ಅನ್ನುವುದನ್ನು ಮೊದಲು ಹೇಳು.

ಅಕ್ಕ


ಆಗಸ್ಟ್ 19

ಅಕ್ಕಾ,

ಹೇಳಿದೆ.

ನೆಟ್ಟಗಿತ್ತು ಅಂತಲೇ ಶುರು ಮಾಡಿದೆ. ಯಾವುದು ಅಂದಳು. ಆಮೇಲೆ ಉಳಿದದ್ದನ್ನು ಹೇಳಿದೆ. ಅಮ್ಮ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು, ಪ್ಲಾಸ್ಟರು ಬಿಚ್ಚಿ ಎರಡು ದಿನವಾಗಿತ್ತು. ಕೈ ನಿಲ್ಲಲಿಲ್ಲ. ಮುರಿದಿದ್ದ ಕಡೆ ಇರುವ ಗಂಟಿನ ಮೇಲೆ ಬೆರಳಾಡಿಸುತ್ತಲೇ ಇದ್ದಳು. ಎಲ್ಲ ಮುಗಿದ ಮೇಲೆ ಕೇಳಿದಳು: "ಮಧ್ಯೆ ಹೇಳೋಕೆ ಯಾರೂ ಇರ್ಲಿಲ್ವಲ್ಲೋ. ದೀಪಾನೂ ಎಷ್ಟು ದಿನ ಉರಿದೀತು? ಹೆಂಗೆ ಮಾತಾಡಿಕೊಂಡ್ರು?"

ನನಗೆ ನಗು ಬಂತು. ಅವಳಿಗೂ ಬಂತು. ಅವಳದು ನಡುವೆ ಎಲ್ಲೋ ಅಳುವಾಯಿತು. ಅದು ಸಣ್ಣ ಅಳುವಲ್ಲ. ಆವತ್ತು ಅಳಲು ಬಿಡದೆ ಮಲಗಿಸಿದ್ದೆಲ್ಲ ಮೊನ್ನೆ ಸಂಜೆಯವರೆಗೂ ಬಂತು. ಮೈ ಕಾದು ಮುಖ ಊದಿಕೊಂಡಿತು. ಗುಳಿಗೆ ಕೊಡಲಾ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಪಕ್ಕದಲ್ಲಿ ಕೂತಿದ್ದೆ.

ನಿನ್ನೆ ಎದ್ದು ಮುಖ ತೊಳೆದು, ಚಪ್ಪಲಿ ಮೆಟ್ಟಿ ಹೊರಟಳು. ಎಲ್ಲಿಗೆ ಅಂದರೆ "ಪಕ್ಕದ್ಮನೆಗೆ" ಅಂದಳು, ದಿನಾ ಹೋಗುವವಳ ಹಾಗೆ. ನಾನು ಊರುಗೋಲಿನಲ್ಲಿ ಹಿಂದೆ ಓಡಿದೆ.

ಬಕಲ್ ಅತ್ತೆ ಬಾಗಿಲು ತೆಗೆದು ನನ್ನನ್ನು ನೋಡಿ ಹೇಳಿದರು: "ಯಾಕಂತೆ ಬಂದಿದ್ದು, ಕೇಳಪ್ಪ."

"ನಿಮ್ಮೆಜಮಾನ್ರು ನಮ್ಮೋರ ಕಾಲು ಕಟ್ಟಿದ್ರಂತೆ ಕಣಮ್ಮ" ಅಂದಳು ಅಮ್ಮ, ನೇರವಾಗಿ ಅವರಿಗೇ. "ಬೆಲ್ಟ್ ಬಿಚ್ಚಿ ಕಟ್ಟಿದ್ರಂತೆ."

ಅತ್ತೆ ಅಡುಗೆಮನೆಗೆ ಕರೆದು ಮಣೆ ಹಾಕಿದರು. ಅಮ್ಮನೇ ಎಲ್ಲ ಹೇಳಿದಳು, ನಾನು ಹೇಳಿದ್ದಕ್ಕಿಂತ ಚೆನ್ನಾಗಿ. ಪೈಪಿನ ಮಾತು ಬಂದಾಗ ಅತ್ತೆಯ ಮುಖ ಬದಲಾಯಿತು.

"ಟೊಕ್ ಟೊಕ್ ಅಂತಾನಾ? ತಡೆದು ತಡೆದು?"

"ನಿನಗೂ ಕೇಳ್ತಿತ್ತಾ?"

"ಕೇಳದೆ ಏನು! ನೀನೇ ಬಡೀತೀಯ ಅಂದ್ಕೊಂಡಿದ್ದೆ ಕಣೇ. ಗಂಡ ಹೋದ ದುಃಖಕ್ಕೆ ನನ್ನ ಮೇಲೆ ಹಗೆ ಸಾಧಿಸ್ತಾಳೆ, ಬೇಕಂತಲೇ ಬಡೀತಾಳೆ ಅಂತ."

ಅಕ್ಕಾ, ಇಬ್ಬರಿಗೂ ಕೇಳಿಸಿತ್ತು. ಇಬ್ಬರಲ್ಲಿ ಒಬ್ಬರು ಗೋಡೆಯಾಚೆ ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾನು ಓದುಗರನ್ನು ನಗಿಸಬೇಕು ಅಂದುಕೊಂಡಿದ್ದ ಜಗಳ ಇದು. ಆ ಅಡುಗೆಮನೆಯಲ್ಲಿ ಅದೂ ನಮ್ಮ ಜೊತೆ ಮಣೆ ಹಾಕಿಕೊಂಡು ಕೂತಿತ್ತು.

ಅತ್ತೆ ನೆಲ ನೋಡುತ್ತಾ ಅಂದರು: "ನಾನೂ ಸುಮ್ನಿರ್ಲಿಲ್ಲ. ಸಿಟ್ಟು ಬಂದು ಸೌಟು ತಗೊಂಡು ವಾಪಸ್ ಬಡಿದೆ. ಅದು ಬಡಿದಾಗೆಲ್ಲ ಬಡಿದೆ. ದಿನಾ."

ಅಮ್ಮ ಅವರ ಮೊಣಕೈ ಹಿಡಿದಳು. "ದಿನಾನಾ?"

"ದಿನಾ. ಅದು ನಿಲ್ಲೋವರೆಗೂ."

ಹಾಗಾದರೆ ಸುರಂಗದೊಳಕ್ಕೆ ಉತ್ತರ ಹೋಗಿತ್ತು. ಬಡಿದಾಗೆಲ್ಲ ಹೊರಗಿನಿಂದ ಯಾರೋ ಬಡಿಯುತ್ತಿದ್ದರು. ಯಾರಿಗೋ ಗೊತ್ತಿದೆ, ಬರುತ್ತಿದ್ದಾರೆ ಅಂದುಕೊಂಡೇ ಅವರು ಕಾಲು ಕಟ್ಟಿಕೊಂಡು ಕಾದರು. ಇದನ್ನು ಸಮಾಧಾನ ಅನ್ನಬೇಕೋ ಬೇರೆ ಏನನ್ನಬೇಕೋ ನನಗೆ ಗೊತ್ತಿಲ್ಲ. ನೀನು ಮೂಳೆ ಓದುವವಳು. ಕಾಯುತ್ತಿದ್ದದ್ದು ಅದರಲ್ಲಿ ಕಾಣುತ್ತಾ? ಅದೂ ಊತದ ಹಾಗೆ ಹೊರಟುಹೋಗುತ್ತಾ?

ಬೇಗ ಬಾ. ಅಪ್ಪ, ಮಾಮ ಇಬ್ಬರನ್ನೂ ಒಟ್ಟಿಗೇ ತರಬೇಕಂತೆ, ಬೇರೆ ಬೇರೆ ಗಾಡಿಯಲ್ಲಿ ತಂದರೆ ಅಮ್ಮ ಸುಮ್ಮನಿರುವುದಿಲ್ಲ. ಬಕಲ್ ಬಿಚ್ಚಕೂಡದು ಅಂತ ಅತ್ತೆ ಹೇಳಿ ಕಳಿಸಿದ್ದಾರೆ.

ಇದನ್ನು ಬರೆಯುತ್ತಿರುವಾಗಲೇ ಬಚ್ಚಲಿನಲ್ಲಿ ಟೊಕ್ ಟೊಕ್ ಅಂದಿತು. ನನ್ನ ಪೆನ್ನು ಕೆಳಗೆ ಬಿತ್ತು, ಸುಳ್ಳು ಹೇಳುವುದಿಲ್ಲ. ಅತ್ತೆ, ಸೌಟಿನಿಂದ. ಚಹಾ ಆಗಿದೆ ಅಂತ ಕರೆಯುವುದು. ಅಮ್ಮ ಹಿತ್ತಲಿನಿಂದ ಬಿದ್ದಂಬೀಳ ಓಡಿ ಬಂದು, ಎರಡೂ ಕೈಯಲ್ಲಿ ಆ ಪೈಪನ್ನು ಹಿಡಿದು, ಬಾಯಿ ಅದಕ್ಕೇ ತಾಗಿಸಿ ಕೂಗಿದಳು:

"ಬಂದೆ! ಬಂದೆ! ಇಗೋ, ಬಂದೇಬಿಟ್ಟೆ!"

ತಮ್ಮ